ಬೆರಳಿಗೆ ಬಂದ ತಿದಿಯ ಕೆಲಸ

ಹಾಸನದ ವಾದ್ಯದ ಅಂಗಡಿಯಲ್ಲಿ ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಸ್ವರ ಸೊಳ್ಳೆಯಂತೆ ಗುಂಯ್‌ಗುಟ್ಟಿತು. “ಇದು ಕೆಟ್ಟಿದೆಯಮ್ಮ, ಬೇರೆ ಕೊಡಿ” ಎಂದೆ.

ಅಂಗಡಿಯಾಕೆ ನಕ್ಕರು. “ಕೆಟ್ಟಿಲ್ಲ ಕಣಿ ಸಾ. ನೀವು ಅರ್ಮೋನಿಯಂನೋರಲ್ವಾ? ಕೀಗೆ ನೋವಾಗ್ತದೆ ಅನ್ನೋ ಅಂಗೆ ಮುಟ್ತೀರಿ!”

ಮಾತು ನಿಜ. ಹೊಳೆನರಸೀಪುರದ ನಮ್ಮ ಭಜನೆಗೆ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವನು ನಾನು. ಅದರಲ್ಲಿ ಸದ್ದಿನ ಏರಿಳಿತವೆಲ್ಲ ತಿದಿ ಒತ್ತುವ ಎಡಗೈಯದು. ಕಳೆದ ವರ್ಷ ಬಿದ್ದು ಎಡಭುಜ ಮುರಿದ ಮೇಲೆ ತಿದಿ ಒತ್ತಲಾಗುತ್ತಿಲ್ಲ. ಇದೂ ಆಗದಿದ್ದರೆ ನುಡಿಸುವುದನ್ನೇ ಬಿಡುವುದೆಂದು ತೀರ್ಮಾನಿಸಿ ಬಂದಿದ್ದೆ.

ಆಕೆ ನುಡಿಸಿ ತೋರಿಸಿದರು. ಕೀ ಎಷ್ಟು ವೇಗವಾಗಿ ಕೆಳಗಿಳಿಯುತ್ತದೋ ಅಷ್ಟು ಜೋರಾಗಿ ಸ್ವರ ಹುಟ್ಟುತ್ತದೆ, ಅದು ವೆಲಾಸಿಟಿ. ಹುಟ್ಟಿದ ಸ್ವರವನ್ನು ಆಮೇಲೆ ಬದಲಿಸುವುದು ಆಫ್ಟರ್‌ಟಚ್. ಅದು ಎಲ್ಲ ಕೀಬೋರ್ಡಿನಲ್ಲೂ ಇರುವುದಿಲ್ಲವಂತೆ, ಇದರಲ್ಲಿತ್ತು.

“ಬೆರಳು ಎತ್‌ಬೇಡಿ ಸಾ, ಅಂಗೇ ಇನ್ನೊಂಚೂರು ಅದುಮಿ.”

ಅದುಮಿದೆ. ಹಿಡಿದಿದ್ದ ಸ್ವರ ತಿದಿ ಒತ್ತಿದಂತೆಯೇ ತುಂಬಿಕೊಂಡಿತು. ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಈಗ ದಿನವೂ ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ಒಂದೇ ಸ್ವರವನ್ನು ಒತ್ತಿ, ಅದುಮಿ, ಸಡಿಲಿಸುತ್ತೇನೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಬಲಗೈ ಬೆರಳುಗಳು ಎಡಗೈಯ ಕೆಲಸ ಕಲಿಯುತ್ತಿವೆ.