ನಂಬರ್ ಬಿದ್ದ ಹೊಂಗೆಮರಗಳು

ಪುಕ್ಕಟೆ ಬರುವ ಯಾವ ವಸ್ತುವನ್ನೂ ನಾನು ನಂಬುವುದಿಲ್ಲ. ಸೀರೆಯ ಜೊತೆ ಕೊಡುವ ಸ್ಟೀಲ್ ಡಬ್ಬಿಯನ್ನೂ ತಳ ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕಿಕೊಳ್ಳುವವಳು ನಾನು. ಹಾಗಿರುವಾಗ ನಮ್ಮೂರ ಗುಂಡುತೋಪಿಗೆ ಒಂದು ಟೆಂಪೋ ತುಂಬ ಜೇನುಪೆಟ್ಟಿಗೆಗಳು ಬಂದಿಳಿದಾಗ, ಖುಷಿಗಿಂತ ಮೊದಲು ನನಗೆ ಬಂದದ್ದು ಅನುಮಾನ.

ನಂದಗುಡಿ ಕಡೆಯ ಊರು ನಮ್ಮದು. ಎತ್ತ ನೋಡಿದರೂ ರಾಗಿ ಹೊಲ, ನೀಲಗಿರಿ. ನಡುವೆ ಊರಿಗೆಲ್ಲ ಸೇರಿದ ಈ ಒಂದು ತೋಪು. ಹೊಂಗೆ, ನೇರಳೆ, ರಸ್ತೆ ಬದಿಗೆ ಒಂದು ಮುದಿ ಹುಣಸೆ. ಹೊಂಗೆ ಹೂ ಉದುರುವ ದಿನಗಳಲ್ಲಿ ನೆಲದ ತುಂಬ ಕಡಲೆಪುರಿ ಚೆಲ್ಲಿದ ಹಾಗಿರುತ್ತದೆ. ಹಸು ಕಟ್ಟುವುದು, ಬೀಜ ಆರಿಸುವುದು, ಬಿಸಿಲು ಇಳಿಯುವ ತನಕ ಅಡ್ಡಾಗುವುದು ಎಲ್ಲ ಅಲ್ಲೇ. ಈಚೆಗೆ ಯಾರ ಯಾರದೋ ಕಾರುಗಳು ರಸ್ತೆಯಲ್ಲಿ ನಿಲ್ಲುತ್ತಿದ್ದವು. ಇಳಿದವರು ನಮ್ಮನ್ನು ಮಾತಾಡಿಸದೆ ತೋಪಿನ ಕಡೆ ಕೈ ತೋರಿಸಿ, ತಮ್ಮ ತಮ್ಮಲ್ಲೇ ಏನೋ ಹೇಳಿಕೊಂಡು ಹೋಗುತ್ತಿದ್ದರು. ರಸ್ತೆ ಅಗಲವಾಗುತ್ತದಂತೆ, ಏನೋ ಬರುತ್ತದಂತೆ ಎಂದು ಡೈರಿಯ ಮುಂದೆ ದಿನವೂ ಮಾತು. ಹೊಲ ಹೋದವರು ಪರಿಹಾರ ಕೇಳಿಯಾರು. ತೋಪು ಹೋದರೆ ಯಾರು ಹೋಗಿ ಕೇಳಬೇಕು? ಆ ಭಯ ನನ್ನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಪೆಟ್ಟಿಗೆಗಳನ್ನು ತಂದವರು ಯಾವುದೋ ತರಬೇತಿ ಸಂಸ್ಥೆಯವರೊಬ್ಬರು. ಊರಲ್ಲಿ ಅವರಿಗೆ ಜೇನು ಮೇಷ್ಟ್ರು ಎಂದೇ ಹೆಸರಾಯಿತು. ತುಂಬ ಮೆತ್ತಗೆ ಮಾತಾಡುತ್ತಿದ್ದರು, ಅದೂ ನನಗೆ ಸರಿಬರಲಿಲ್ಲ. ನನ್ನ ಮೈದುನನ ಹೆಂಡತಿಗೆ ಮಾತ್ರ ಅವರು ಹೇಳಿದ್ದೆಲ್ಲ ವೇದವಾಕ್ಯ. ಮಹಿಳಾ ಸಂಘದಿಂದ ಪೆಟ್ಟಿಗೆಗಳ ಉಸ್ತುವಾರಿ ಅವಳಿಗೇ ಬಂದಿತ್ತು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು, ಹೊಗೆ ಹಾಕಿ ಮುಚ್ಚಳ ತೆಗೆಯುವುದು, ತುಪ್ಪ ತುಂಬಿದ ಎರಿ ಯಾವುದು, ಮರಿ ಇರುವ ಎರಿ ಯಾವುದು ಎಂದು ಗುರುತಿಸುವುದು, ಎಲ್ಲವನ್ನೂ ಕಲಿತಳು. ಅವಳ ಜೊತೆ ನಾನೂ ಹೋಗುತ್ತಿದ್ದೆ.

"ಅಕ್ಕಾ, ನೀನು ಜೇನು ನೋಡೋಕೆ ಬರ್ತೀಯೋ, ಮೇಷ್ಟ್ರನ್ನ ಕಾಯೋಕೆ ಬರ್ತೀಯೋ?" ಎಂದು ಅವಳು ಛೇಡಿಸುತ್ತಿದ್ದಳು.

"ಎರಡಕ್ಕೂ ಕಣೇ" ಎನ್ನುತ್ತಿದ್ದೆ. ಸುಳ್ಳೇನಲ್ಲ.

ಯುಗಾದಿ ಹತ್ತಿರ ಬಂದಿತ್ತು. ಜಗಲಿಗೆ ಬಳಿಯಲು ನಾನು ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸುತ್ತಿದ್ದೆ. ಅವಳು ತೋಪಿನಿಂದ ಓಡಿಬಂದಳು.

"ಅಕ್ಕಾ, ಮರಕ್ಕೆಲ್ಲ ನಂಬರ್ ಹಾಕ್ಬಿಟ್ಟವ್ರೆ!"

"ಯಾರೇ?"

"ನಮ್ ಜೇನು ಮೇಷ್ಟ್ರೇ ಕಣಕ್ಕಾ. ನೆನ್ನೆ ಸಾಯಂಕಾಲ ಬಣ್ಣದ ಡಬ್ಬ ಹಿಡ್ಕಂಡು ಓಡಾಡ್ತಿದ್ರಂತೆ."

ಕೆಮ್ಮಣ್ಣಿನ ಕೈಯಲ್ಲೇ ಹೋಗಿ ನೋಡಿದೆ. ಹೌದು, ಒಂದೊಂದು ಬೊಡ್ಡೆಯ ಮೇಲೂ ಬಿಳಿ ಬಣ್ಣದ ಅಂಕಿ. ದೇವನಹಳ್ಳಿ ಕಡೆಯ ನನ್ನ ತವರಿನ ದಾರಿಯಲ್ಲಿ ಎರಡೂ ಬದಿಗೆ ಮರಗಳಿದ್ದವು. ಒಂದು ವರ್ಷ ಅವಕ್ಕೆ ಹೀಗೇ ನಂಬರ್ ಬಿತ್ತು. ಮುಂದಿನ ವರ್ಷ ನಾನು ಹೋದಾಗ ನೆರಳಿಲ್ಲದ ಅಗಲವಾದ ರಸ್ತೆ ಇತ್ತು. ನಮ್ಮ ಕಡೆ ಮರಕ್ಕೆ ನಂಬರ್ ಬೀಳುವುದು ಒಂದೇ ಕಾರಣಕ್ಕೆ.

"ನೋಡ್ದ್ಯಾ ನಿನ್ನ ಮೇಷ್ಟ್ರನ್ನ? ಜೇನು ತೋರ್ಸಿ ಮರ ಎಣಿಸ್ಕಂಡು ಹೋದ್ರು" ಎಂದೆ. ಅವಳ ಕಣ್ಣು ತುಂಬಿ ಬಂತು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಬಕೆಟ್ಟನ್ನು ತೋಪಿಗೇ ತಂದೆ. ನಮ್ಮಲ್ಲಿ ಅರಳಿಕಟ್ಟೆಯ ಮರಕ್ಕೆ ಕೆಮ್ಮಣ್ಣು ಬಳಿದು ಮೇಲೆ ಸುಣ್ಣದ ಪಟ್ಟೆ ಎಳೆಯುತ್ತಾರೆ. ಹಾಗೆ ಪಟ್ಟೆ ಬಿದ್ದ ಮರದಿಂದ ಹಲ್ಲುಜ್ಜಲು ಒಂದು ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಮೊದಲ ಹೊಂಗೆಯ ನಂಬರಿನ ಮೇಲೆ ಕೆಮ್ಮಣ್ಣು ಬಳಿದೆ, ಸುಣ್ಣ ಎಳೆದೆ, ಅರಿಶಿನ ಕುಂಕುಮ ಇಟ್ಟೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸರು ನಿಂತು ನೋಡಿದರು. ವಿಷಯ ತಿಳಿದದ್ದೇ ತಡ, ತಮ್ಮ ಮನೆಯ ಯುಗಾದಿಯ ಕೆಮ್ಮಣ್ಣನ್ನೂ ತಂದರು. ಸಂಜೆಯೊಳಗೆ ತೋಪಿನ ಮರಗಳೆಲ್ಲ ದೇವರಾದವು. ಆ ವರ್ಷ ನಮ್ಮ ಬೀದಿಯಲ್ಲಿ ಬೋಳು ಜಗಲಿಗಳಲ್ಲೇ ಯುಗಾದಿಯಾಯಿತು.

ಹಬ್ಬ ಕಳೆದ ಮೇಲೆ ಮೇಷ್ಟ್ರು ಅರಣ್ಯ ಇಲಾಖೆಯವರೊಬ್ಬರನ್ನು ಕರೆದುಕೊಂಡು ಬಂದರು. ಇಲಾಖೆಯವರು ತೋಪಿನ ಅಂಚಿನಲ್ಲೇ ಬೂಟು ಬಿಚ್ಚಿ ಕೈಮುಗಿದರು. ನಗು ತಡೆಯುವುದು ಕಷ್ಟವಾಯಿತು. ಮೇಷ್ಟ್ರು ಮಾತ್ರ ತಲೆಯ ಮೇಲೆ ಕೈ ಹೊತ್ತು ನಿಂತರು.

"ಅಮ್ಮಾ, ಇಷ್ಟೊಂದು ದೇವ್ರು ಯಾವಾಗ ಬಂದ್ರು?"

"ನಂಬರ್ ಬಂತಲ್ಲ ಸ್ವಾಮಿ, ಅದರ ಹಿಂದೇನೇ ಬಂದ್ರು."

ಆಗ ಅವರು ಬಿಡಿಸಿ ಹೇಳಿದರು. ತೋಪನ್ನು ನೋಡಿಕೊಳ್ಳುವ ಹೊಣೆಯನ್ನು ಊರಿನ ಸಮಿತಿಗೇ ವಹಿಸುವ ಇಲಾಖೆಯ ಏರ್ಪಾಡಂತೆ, ಜೇನಿನ ಜೊತೆಗೆ ಮರ ಎಣಿಸುವ ಕೆಲಸವೂ ಇವರ ಸಂಸ್ಥೆಯದಂತೆ. ಒಣ ಸೌದೆ, ಹೊಂಗೆ ಬೀಜ, ಜೇನುತುಪ್ಪ ಊರಿಗೆ. ಹಸಿ ಮರಕ್ಕೆ ಮಾತ್ರ ಯಾರೂ ಕೊಡಲಿ ಹಾಕುವಂತಿಲ್ಲ. ಇರುವ ಮರಗಳಿಗೆ ನಂಬರ್ ಇದ್ದರೆ ಒಂದು ಕಾಣೆಯಾದರೂ ಗೊತ್ತಾಗುತ್ತದೆ.

"ಉಳಿಸೋಕೆ ಹಾಕಿದ ನಂಬರ್ ಅಮ್ಮ ಅದು. ನೀವೇ ಅಳಿಸ್ಬಿಟ್ರಿ."

"ಹಾಕೋಕೆ ಮುಂಚೆ ಹೇಳೋಕೆ ಏನಾಗಿತ್ತು ನಿಮಗೆ?"

"ಸಭೆ ಮಾಡಿ ಹೇಳಿದ್ನಲ್ಲಮ್ಮ."

ಸಭೆ ನಡೆದದ್ದು ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ. ಆ ಹೊತ್ತಿಗೆ ನಮ್ಮೂರಲ್ಲಿ ಯಾವ ಹೆಂಗಸು ಸಭೆಗೆ ಹೋಗುತ್ತಾಳೆ? ಹಾಗೆಂದು ಕೇಳಿದೆ. ಅವರು ಜೇಬಿನ ಪುಸ್ತಕ ತೆಗೆದು ಹಾಲು ಕರೆಯುವ ಹೊತ್ತನ್ನು ಬರೆದುಕೊಂಡರು. ನಂಬರ್ ಅಳಿಸಿದ್ದಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ. ಕೊನೆಗೆ ಮೈದುನನ ಹೆಂಡತಿಯೇ ಸುಣ್ಣದಲ್ಲಿ ಕಡ್ಡಿ ಅದ್ದಿ, ಪಟ್ಟೆಗಳ ನಡುವೆ ಹೊಸದಾಗಿ ನಂಬರ್ ಬರೆದಳು. ನಾನು ಹಿಂದೆ ಹಿಂದೆ ಎಣಿಸುತ್ತ ಹೋದೆ.

ಮೊದಲ ತುಪ್ಪ ತೆಗೆದ ದಿನ ಸ್ವಲ್ಪ ಹೊಂಗೆಯ ಒಗರಿದ್ದ ಆ ತುಪ್ಪವನ್ನು ಮೇಷ್ಟ್ರು ನನ್ನ ಅಂಗೈಗೇ ಮೊದಲು ಬಿಟ್ಟರು. ನೆಕ್ಕುತ್ತ ರಸ್ತೆ ಬದಿಯ ಹುಣಸೆಯ ಕಡೆ ಹೋದೆ. ನಮ್ಮ ಸುಣ್ಣದ ನಂಬರ್ ಊರಿನ ಕಡೆಗಿತ್ತು. ರಸ್ತೆಯ ಕಡೆಗೆ, ಎದೆಯೆತ್ತರದಲ್ಲಿ ಇನ್ನೊಂದು ಇತ್ತು. ಹಳದಿ ಆಯಿಲ್ ಪೇಂಟು, ಅಚ್ಚು ಇಟ್ಟು ಒತ್ತಿದ ಅಂಕಿ, ಪಕ್ಕದಲ್ಲಿ ಒಂದು ಬಾಣದ ಗುರುತು. ಬಣ್ಣ ಇನ್ನೂ ಹಸಿ, ಮುಟ್ಟಿದರೆ ಬೆರಳಿಗೆ ಅಂಟಿತು.

ಮೇಷ್ಟ್ರನ್ನು ಕೂಗಿದೆ. ಬಂದು ನೋಡಿದರು. ಅವರ ಮುಖವನ್ನೇ ನೋಡುತ್ತಿದ್ದೆ, ಇದೂ ಇವರದೇ ಕೆಲಸವಿರಬಹುದು ಎಂದು. ಆದರೆ ಆ ಮುಖ ಬಿಳಿಚಿಕೊಂಡಿತು.

"ಇದು ನಮ್ಮದಲ್ಲಮ್ಮ" ಎಂದರು. ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಆಮೇಲೆ, ನಾನು ಎಂದೂ ಮೆಚ್ಚದ ಅದೇ ಮೆತ್ತನೆಯ ದನಿಯಲ್ಲಿ ಕೇಳಿದರು: "ನಿಮ್ಮ ಹತ್ರ ಕೆಮ್ಮಣ್ಣು ಇನ್ನೂ ಇದೆಯಾ?"

ಇತ್ತು. ಜಗಲಿಗೂ ಬಳಿಯದೆ ನಾನು ಒಂದು ಬಕೆಟ್ ಎತ್ತಿಟ್ಟುಕೊಂಡಿದ್ದೆ.