ಐದನೆಯ ಕೆಳಬಾಣ

ಬೈಲಹೊಂಗಲದ ಶಾಲೆಯಿಂದ ನಿವೃತ್ತಳಾದ ಮೇಲೆ ನನಗೆ ತಿದ್ದಲು ಮಕ್ಕಳ ನೋಟುಬುಕ್ಕು ಉಳಿಯಲಿಲ್ಲ. ಕೈ ಸುಮ್ಮನಿರಬೇಕಲ್ಲ? ಸುತ್ತಲಿನ ತಾಲೂಕುಗಳ ಜನರೇ ಕೂಡಿಕೊಂಡಿದ್ದ ಒಂದು ಪ್ರಶ್ನೋತ್ತರ ತಾಣವನ್ನು ಮೊಬೈಲಿನಲ್ಲಿ ಸೇರಿಕೊಂಡೆ. ಯಾರಾದರೂ ಪ್ರಶ್ನೆ ಹಾಕುತ್ತಾರೆ, ಬಲ್ಲವರು ಉತ್ತರ ಬರೆಯುತ್ತಾರೆ. ಪ್ರಶ್ನೆ ಚೆನ್ನಾಗಿದ್ದರೆ ಮೇಲಿನ ಬಾಣ ಒತ್ತಬೇಕು, ಇಲ್ಲದಿದ್ದರೆ ಕೆಳಗಿನದು. ಕೆಳಬಾಣ ಐದಾದರೆ ಪ್ರಶ್ನೆ ಮುಚ್ಚಿಹೋಗುತ್ತದೆ, ಆಮೇಲೆ ಯಾರೂ ಉತ್ತರ ಬರೆಯುವಂತಿಲ್ಲ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಯಾವ ಬಾಣ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಮುಂಜಾನೆ ಚಹಾ ಕುಡಿಯುತ್ತ ನೋಡಿದರೆ ಹೀಗೊಂದು ಪ್ರಶ್ನೆ: ‘ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಏನು ಮಾಡಬೇಕು?’ ಕೇಳಿದವರು ತಮ್ಮ ಹೆಸರು ಮುಚ್ಚಿಟ್ಟಿದ್ದರು. ಮುಚ್ಚಿಡದೆ ಏನು ಮಾಡಿಯಾರು! ರೊಟ್ಟಿ ಬಡಿಯುವ ಸಪ್ಪಳಕ್ಕೇ ಜನ ಏಳುವ ಸೀಮೆ ಇದು. ಆಗಲೇ ನಾಲ್ಕು ಕೆಳಬಾಣ ಬಿದ್ದಿದ್ದವು. ‘ತವರಮನಿಗೆ ಫೋನ್ ಹಚ್ಚವ್ವಾ’ ಎಂದು ಯಾರೋ ಕುಟುಕಿದ್ದರು. ನಾನೂ ನಕ್ಕೆ. ಯಾವ ಮನೆಯ ಸೊಸೆಯೋ ಎಂದುಕೊಂಡು ಐದನೆಯದನ್ನು ಒತ್ತಿದೆ. ಪ್ರಶ್ನೆ ಮುಚ್ಚಿತು.

ನಿಜ ಹೇಳುತ್ತೇನೆ, ಒಂದೂ ಬಾಣ ಬಿದ್ದಿರದಿದ್ದರೆ ನಾನು ಒತ್ತುತ್ತಿರಲಿಲ್ಲ, ಉತ್ತರವನ್ನೇ ಬರೆಯುತ್ತಿದ್ದೆನೇನೋ. ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಆ ಆಳುಗಳಲ್ಲಿ ನಾನೂ ಒಬ್ಬಳಾದೆ. ಎಷ್ಟು ಬಾಣ ಬಿದ್ದಿವೆಯೆಂದು ಮೊದಲೇ ತೋರಿಸಬೇಡಿರಿ, ಕಾರಣ ಬರೆಯದೆ ಕೆಳಬಾಣ ಒತ್ತಲು ಬಿಡಬೇಡಿರಿ ಎಂದು ಈಚೆಗೆ ತಾಣ ನಡೆಸುವವರಿಗೆ ಬರೆದಿದ್ದೇನೆ. ಈ ಬುದ್ಧಿ ನನಗೆ ಎಲ್ಲಿಂದ ಬಂತೆಂದು ಮಾತ್ರ ಅವರಿಗೆ ತಿಳಿಸಿಲ್ಲ.

ವಾರದ ಮೇಲೆ ರಾಮದುರ್ಗದ ಅಣ್ಣನ ಮನೆಗೆ ಹೋದೆ. ಅವನ ಹೆಂಡತಿ, ನನ್ನ ವೈನಿ, ಸವದತ್ತಿಯಲ್ಲಿರುವ ಮಗಳ ಬಾಣಂತನಕ್ಕೆ ಹೋಗಿದ್ದಳು. ಮಗಳು ಪ್ರಯಾಣ ಮಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ತಾಯಿಯೇ ಹೋಗಬೇಕಾಗಿತ್ತು. ಗಂಡ ಉಪವಾಸ ಬೀಳುತ್ತಾನೆಂದು ವೈನಿ ಹಿಂದೆಮುಂದೆ ನೋಡಿದಾಗ, “ರೊಟ್ಟಿ ಅಂದ್ರ ಏನ ದೊಡ್ಡ ವಿದ್ಯಾ? ನಾ ಬಡಕೋತೇನಿ, ನೀ ಹೋಗು” ಎಂದು ಜಂಬದಿಂದ ಕಳಿಸಿದ್ದನಂತೆ. ಹುಡುಗನಾಗಿದ್ದಾಗ ಅಂಚು ಸೀಳಿದ ರೊಟ್ಟಿಯನ್ನು ಅವ್ವನ ಕಡೆಗೇ ಸರಿಸುತ್ತಿದ್ದ ಮಹಾರಾಜ ಇವನು.

ಬುಟ್ಟಿಯ ತುಂಬ ರೊಟ್ಟಿಯ ಚೂರುಗಳಿದ್ದವು. ಅಣ್ಣ ಸೊರಗಿ ಇಳಿದುಹೋಗಿದ್ದ. ಹಿಟ್ಟು ಹೇಗೆ ನಾದಿದೆ ಎಂದು ಕೇಳಿದೆ.

“ತಣ್ಣೀರಾಗ.”

“ಎಸರ ಇಡಲಿಲ್ಲೇನು? ಕುದಿಯೂ ನೀರು ಹಾಕಬೇಕಲ್ಲೋ ಅಣ್ಣಾ!”

“ಅದು ಚಳಿಗಾಲಕ್ಕ ಅಂತ ತಿಳಿದಿದ್ದೆ. ಕೈ ಬೆಚ್ಚಗಿರಲಿ ಅಂತ.”

ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ.

“ನಿನ್ನ ಕೇಳಿದ್ರ ನೀ ಅಕಿಗೆ ಹೇಳತಿದ್ದಿ, ಅಕಿ ಕೂಸು ಬಿಟ್ಟು ಓಡಿ ಬರತಿದ್ಲು. ಅದಕ್ಕ ಮೊಬೈಲ್‌ನ್ಯಾಗ ಕೇಳಿದೆ. ಐದು ಮಂದಿ ಕೆಟ್ಟ ಪ್ರಶ್ನಿ ಅಂತ ಮುಚ್ಚಿಬಿಟ್ರು. ಪಾಪ, ಅವರಿಗೂ ರೊಟ್ಟಿ ಮಾಡಾಕ ಬರೂದಿಲ್ಲ ಅನಸ್ತದ. ಬಂದಿದ್ರ ಹೇಳತಿದ್ರು.”

ನನ್ನ ನಗು ಅಲ್ಲಿಗೇ ನಿಂತಿತು.

“ಇನ್ನ ಆಗೂದಿಲ್ಲ. ತಲಿ ತಿರಗಾಕ ಹತ್ತೇತಿ,” ಎಂದ. “ಸಂಜಿಗೆ ಅಕಿ ಫೋನ್ ಮಾಡತಾಳ. ಬಂದುಬಿಡು ಅಂತ ಹೇಳತೇನಿ.”

ಮೊಮ್ಮಗಳು ಹುಟ್ಟಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ನಾನು ಎಸರಿಟ್ಟೆ. ಕುದಿಯುವ ನೀರನ್ನು ಹಿಟ್ಟಿಗೆ ಸುರಿಸಿ, ಚೆನ್ನಾಗಿ ನಾದಿಸಿ, ಅವನ ಕೈಯಿಂದಲೇ ರೊಟ್ಟಿ ಮಾಡಿಸಿದೆ. ಮೊದಲ ಎರಡು ನೆಲ ಕಂಡವು. ಮೂರನೆಯದು ದುಂಡಗಾಗದಿದ್ದರೂ ಸೀಳದೆ ಹಂಚಿನ ಮೇಲೆ ಉಬ್ಬಿತು. ಅಣ್ಣ ಚಿಕ್ಕ ಹುಡುಗನ ಹಾಗೆ ಹಿಗ್ಗಿದ.

ಅಷ್ಟರಲ್ಲಿ ಸಂಜೆಯಾಗಿ ವೈನಿಯ ಫೋನ್ ಬಂತು.

“ನನ್ನ ಚಿಂತಿ ಬಿಡು. ರೊಟ್ಟಿ ಮಸ್ತ್ ಉಬ್ಬಾಕ ಹತ್ತ್ಯಾವ,” ಎಂದ. “ಕೂಸು ಕತ್ತ ನಿಂದರಸೂ ತನಕ ನೀ ಈ ಕಡೆ ಬರಬ್ಯಾಡ.”

ಫೋನಿಟ್ಟು, ಬಿಸಿ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅರ್ಧ ನನಗೆ ಕೊಟ್ಟ. ನಾನು ಅದನ್ನು ತಟ್ಟೆಯಲ್ಲೇ ಇಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಅಣ್ಣಾ, ಆ ಐದರಾಗ ಒಂದು ನಂದು,” ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಿದ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

“ನಿನಗ ಬರತಿತ್ತಲ್ಲ ತಂಗಿ,” ಎಂದ.