ಹೀಥ್ರೋದಿಂದ ಗ್ಯಾಟ್ವಿಕ್‌ಗೆ, ಒಂದೂ ಮೆಟ್ಟಿಲಿಲ್ಲದೆ

ವ್ಯಾನು ಬರುವುದಿಲ್ಲವೆಂದು ಇಶ್ಬೆಲ್ ರೇಬರ್ನ್‌ಗೆ ತಮ್ಮನ ಮುಖ ನೋಡಿಯೇ ಗೊತ್ತಾಯಿತು. ಊರಿನಿಂದ ಆಗಷ್ಟೇ ಬಂದಿಳಿದಿದ್ದ ಹೀಥ್ರೋ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಫರ್ಗಸ್ ಫೋನನ್ನು ಕಿವಿಗೆ ಒತ್ತಿಕೊಂಡು, "ಹಾಂ, ಹಾಂ" ಅನ್ನುತ್ತಲೇ ಕತ್ತಿನಿಂದ ಮೇಲಕ್ಕೆ ಕೆಂಪೇರುತ್ತಿದ್ದ.

"ಕುರ್ಚಿ ಹತ್ತೋಕೆ ಹಲಗೆ ಇಳಿಸೋ ವ್ಯಾನು ಕೆಟ್ಟು ಕೂತಿದ್ಯಂತೆ. ಸಾದಾ ಕಾರು ಕಳಿಸ್ತೀನಿ, ಕುರ್ಚಿ ಮಡಚಿ ಡಿಕ್ಕೀಲಿ ಹಾಕ್ಕೊಳ್ಳಿ ಅಂತಾನೆ."

"ಮಡಚೋದಾ? ಇದೇನು ಕೊಡೆ ಅಂದ್ಕೊಂಡ್ನಾ ಅವನು?"

ಬ್ಯಾಟರಿಯ ಮೇಲೆ ಓಡುವ ಆ ಗಾಲಿಕುರ್ಚಿಯ ತೂಕ ಇಬ್ಬರು ದಪ್ಪ ಗಂಡಸರದ್ದು. ಸಂಜೆ ಗ್ಯಾಟ್ವಿಕ್‌ನಿಂದ ಗರ್ನ್ಸಿ ದ್ವೀಪಕ್ಕೆ ಹೊರಡುವುದು ಅವತ್ತಿನ ಕಡೆಯ ವಿಮಾನ. ಮರುದಿನ ಬೆಳಿಗ್ಗೆ ಅಲ್ಲಿ ಗೆಳತಿ ನೋರಾಳ ಮದುವೆ; ಸಾಕ್ಷಿಗೆ ರುಜು ಹಾಕಬೇಕಾದವಳು ಇಶ್ಬೆಲ್. ಎರಡು ವಿಮಾನ ನಿಲ್ದಾಣಗಳ ನಡುವೆ ಇಡೀ ಲಂಡನ್ ಕಾಲು ಚಾಚಿಕೊಂಡು ಮಲಗಿತ್ತು.

ಇಶ್ಬೆಲ್ ಮತ್ತು ನೋರಾ ಅಬರ್ಡೀನ್ ಊರಿನ ಈಜುಕೊಳದಲ್ಲಿ ಜೊತೆಯಲ್ಲಿ ಕೆಲಸಕ್ಕೆ ಸೇರಿದವರು; ನೋರಾ ಆಮೇಲೆ ಗರ್ನ್ಸಿಗೆ ಹೋಗಿ ನೆಲೆಸಿದ್ದಳು. ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು ಇಶ್ಬೆಲ್. ಅವಳ ಕೂಗು ಬಿದ್ದರೆ ನೀರಿನೊಳಗಿದ್ದವರಿಗೂ ಕೇಳುತ್ತದೆ ಎನ್ನುತ್ತಿದ್ದರು. ನಲವತ್ತು ದಾಟಿದ ಮೇಲೆ ನರಗಳ ಕಾಯಿಲೆ ಶುರುವಾಯಿತು. ಮೊದಲು ಕೋಲು ಬಂತು, ಆಮೇಲೆ ಕುರ್ಚಿ. ಸಂಬಂಧಿಕರ ಮನೆ, ಚರ್ಚು, ಚಹಾದಂಗಡಿ, ಒಂದೊಂದೇ ಅವಳ ಪಾಲಿಗೆ ಮುಚ್ಚಿಹೋದವು. ಬಾಗಿಲುಗಳು ತೆರೆದೇ ಇದ್ದವು, ಮೆಟ್ಟಿಲು ಮಾತ್ರ ಅಡ್ಡ ನಿಂತಿದ್ದವು. ಒಮ್ಮೆ ಹೋಟೆಲೊಂದರಲ್ಲಿ ನಾಲ್ವರು ಉತ್ಸಾಹದಿಂದ ಅವಳನ್ನು ಕುರ್ಚಿ ಸಮೇತ ಎತ್ತಿದರು. ಒಬ್ಬನ ಕಾಲು ಜಾರಿತು. ಅವಳ ಹೆಗಲ ಮೂಳೆ ಮುರಿಯಿತು, ಎತ್ತಿದವನೊಬ್ಬನ ಮಣಿಕಟ್ಟೂ ಹೋಯಿತು. ಅಂದಿನಿಂದ ತನ್ನನ್ನು ಯಾರೂ ಎತ್ತಕೂಡದು ಎಂದು ಅವಳು ಹಟ ಹಿಡಿದಿದ್ದಳು.

ಫರ್ಗಸ್ಸೋ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊತ್ತು ಬೆಳೆದವನು. ಲೋಕದ ಎಲ್ಲ ತೊಂದರೆಗೂ ಅವನ ಬಳಿ ಇದ್ದ ಮದ್ದು ಒಂದೇ: ಎತ್ತಿಬಿಡುವುದು.

"ರೈಲಲ್ಲಿ ಹೋಗೋಣ," ಅಂದಳು ಇಶ್ಬೆಲ್. "ಇಲ್ಲಿಂದ ಊರ ನಡುವಿಗೆ ಒಂದು ರೈಲು. ಅಲ್ಲಿ ಲಿಫ್ಟಲ್ಲಿ ಇಳಿದು ಗ್ಯಾಟ್ವಿಕ್ ರೈಲು. ಒಂದು ಮೆಟ್ಟಿಲೂ ಇಲ್ಲ."

"ಲಂಡನ್ ಹೊಟ್ಟೆಯೊಳಗಿಂದ ಹಾಯ್ದು? ಈ ರಥ ಹೊಡ್ಕೊಂಡು?"

"ನಿಂಗೆ ಭಯ ಆದ್ರೆ ನನ್ನ ಬ್ಯಾಗು ಕೊಟ್ಟು ಮನೆಗೆ ಹೋಗು."

ಅವನು ಗೊಣಗುತ್ತ ಹಿಂದೆ ಬಂದ.

ಮೊದಲ ರೈಲಿಗೆ ಕುರ್ಚಿ ಸಲೀಸಾಗಿ ಏರಿತು. ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಒಂದೇ ಮಟ್ಟ. ಫರ್ಗಸ್ ಚೀಸ್ ಬ್ರೆಡ್ಡು ಬಿಚ್ಚಿ ಅರ್ಧ ಅಕ್ಕನಿಗೆ ಕೊಟ್ಟ. ಅವಳು ಅದನ್ನು ಮಡಿಲಲ್ಲೇ ಇಟ್ಟುಕೊಂಡಳು. ಕಣ್ಣು ಕುರ್ಚಿಯ ಕೈಮೇಲಿನ ಬ್ಯಾಟರಿ ದೀಪದ ಮೇಲೆಯೇ. ಹಸಿರು ಹೋಗಿ ಹಳದಿ ಬಂದಿತ್ತು.

ರೈಲು ಬದಲಿಸುವ ಸ್ಟೇಷನ್ನಿನಲ್ಲಿ ಇಳಿದು ಲಿಫ್ಟಿನ ಮುಂದೆ ಬಂದರೆ, ಬಾಗಿಲಿಗೆ ಅಡ್ಡಲಾಗಿ ಹಳದಿ ಪಟ್ಟಿ ಕಟ್ಟಿತ್ತು. ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿ ಹೆಂಗಸು ಅವರನ್ನು ಕಂಡದ್ದೇ ಕೈ ಹಿಸುಕಿಕೊಂಡಳು.

"ಈಗಷ್ಟೇ ನಿಂತೋಯ್ತು ತಾಯೀ. ರಿಪೇರಿಯವ್ರಿಗೆ ಹೇಳಿದೀವಿ. ಯಾವಾಗ ಬರ್ತಾರೋ ಗೊತ್ತಿಲ್ಲ."

ಬೇಕಾಗಿದ್ದ ರೈಲು ಕೂಗಳತೆಯಲ್ಲೇ ಇತ್ತು. ಅದರ ಸದ್ದೂ ಕೇಳುತ್ತಿತ್ತು. ನಡುವೆ ಒಂದು ಸಾಲು ಮೆಟ್ಟಿಲು. ಆಫೀಸಿನಿಂದ ಮನೆಗೆ ಹೊರಟ ಜನ ಅವಳ ಎರಡೂ ಬದಿಯಿಂದ ನೀರಿನಂತೆ ಹರಿದು ಇಳಿಯುತ್ತಿದ್ದರು. ಇಬ್ಬರು ಗಟ್ಟಿ ಆಳುಗಳು ನಿಂತರು. "ನಾಲ್ಕು ಜನ ಸೇರಿದ್ರೆ ಎತ್ತಿಬಿಡಬಹುದು," ಅಂದ ಒಬ್ಬ. ಫರ್ಗಸ್ ಆಗಲೇ ಅಂಗಿಯ ತೋಳು ಮಡಚುತ್ತಿದ್ದ.

"ಕೈ ಇಟ್ರೆ ಕಿರುಚ್ತೀನಿ," ಅಂದಳು ಇಶ್ಬೆಲ್.

"ಇಶ್, ವಿಮಾನ ಹೋಗ್ಬಿಡತ್ತೆ ಮಾರಾಯ್ತಿ! ಎರಡು ನಿಮಿಷದ ಕೆಲ್ಸ!"

"ಹೋದ್ರೆ ಹೋಗ್ಲಿ. ನಾನು ಕಿರುಚೋದು ಹ್ಯಾಗಿರತ್ತೆ ಅಂತ ನಿಂಗೆ ಗೊತ್ತು."

ಅವನಿಗೆ ಗೊತ್ತಿತ್ತು. ಇಶ್ಬೆಲ್ ಆ ಇಬ್ಬರಿಗೆ ಥ್ಯಾಂಕ್ಸ್ ಹೇಳಿ, ಸಿಬ್ಬಂದಿಯ ಕಡೆ ತಿರುಗಿದಳು. "ಲಂಡನ್ ಬ್ರಿಜ್ ಸ್ಟೇಷನ್ನಲ್ಲೂ ಗ್ಯಾಟ್ವಿಕ್ ರೈಲು ನಿಲ್ಲತ್ತಲ್ವಾ? ಅಲ್ಲಿಗೆ ಮೆಟ್ಟಿಲು ಹತ್ತದೆ ಹ್ಯಾಗೆ ಹೋಗೋದು, ಹೇಳಿ."

ಆಕೆ ಒಂದು ಕ್ಷಣ ಮೇಲೆ ನೋಡಿದಳು. "ಬಂದಿದ್ದೇ ರೈಲಲ್ಲಿ ಮುಂದಿನ ಸ್ಟೇಷನ್ನಿಗೆ ಹೋಗಿ. ಅಲ್ಲಿ ಲಿಫ್ಟ್ ನಡೀತಿದ್ಯಾ ಅಂತ ಈಗ ಫೋನ್ ಮಾಡಿ ಕೇಳ್ತೀನಿ. ಮೇಲೆ ಬಂದು ಬಸ್ಸು ಹಿಡೀರಿ, ಹೊಳೆ ದಾಟಿಸತ್ತೆ." ಫೋನಿನಲ್ಲಿ ಕೇಳಿ, "ನಡೀತಿದೆಯಂತೆ, ಓಡಿ," ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಓಡ್ತೀನಿ ಬಿಡಿ," ಅಂದು ಇಶ್ಬೆಲ್ ಕುರ್ಚಿಯನ್ನು ಗರ್ರನೆ ತಿರುಗಿಸಿದಳು.

ಮುಂದಿನ ಸ್ಟೇಷನ್ನಿನ ಲಿಫ್ಟು ಅವರನ್ನು ಬೀದಿಗೆ ತಂದು ಬಿಟ್ಟಿತು. ಮೊದಲ ಬಸ್ಸು ಬಂತು. ಗಾಲಿಕುರ್ಚಿಯ ಜಾಗದಲ್ಲಿ ಮಗುವಿನ ತಳ್ಳುಗಾಡಿ ಹಿಡಿದ ಎಳೆ ತಾಯಿಯೊಬ್ಬಳು ನಿಂತಿದ್ದಳು. ಚಾಲಕ ಮೈಕಿನಲ್ಲಿ ಜಾಗ ಬಿಡಲು ಕೇಳಿಕೊಂಡ. ಆಕೆ ಕೇಳದವಳಂತೆ ಕಿಟಕಿಯಾಚೆ ನೋಡಿದಳು. ಜನ ಗಡಿಯಾರ ನೋಡಿಕೊಂಡರು. ಯಾರೋ ಲೊಚಗುಟ್ಟಿದರು. ಅದು ತಾಯಿಯ ಮೇಲೋ ತನ್ನ ಮೇಲೋ ಇಶ್ಬೆಲ್‌ಗೆ ತಿಳಿಯಲಿಲ್ಲ.

"ಮಗು ಈಗ ತಾನೆ ನಿದ್ದೆ ಹೋಗಿದೆ," ಅಂದಳು ಆ ಹೆಂಗಸು ಕೊನೆಗೆ, ಅಳು ಬಂದವಳ ದನಿಯಲ್ಲಿ. "ರಾತ್ರಿ ಎಲ್ಲಾ ಅತ್ತಿದೆ."

ಬಾಗಿಲಲ್ಲಿ ನಿಂತಿದ್ದ ಫರ್ಗಸ್ ತನ್ನ ದೊಡ್ಡ ಕೈಗಳನ್ನು ಚಾಚಿದ. "ಕೊಡಮ್ಮ ಇಲ್ಲಿ. ನಂಗೂ ಮೂರು ಮೊಮ್ಮಕ್ಕಳು. ನೀನು ಗಾಡಿ ಮಡಚು, ನಾನು ಎತ್ಕೋತೀನಿ." ಆಕೆ ಅವನನ್ನೂ ಅವನ ಕೈಯನ್ನೂ ನೋಡಿ, ಅನುಮಾನಿಸಿ, ಕೊಟ್ಟಳು. ಹಲಗೆ ಕೆಳಗಿಳಿಯಿತು. ಬಸ್ಸು ಥೇಮ್ಸ್ ದಾಟುವ ತನಕ ಮಗು ಅವನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ಮಲಗಿತ್ತು. ಅವನು ಉಸಿರು ಬಿಡಲೂ ಹೆದರಿ ಕಂಬ ಹಿಡಿದು ನಿಂತಿದ್ದ. ಬಸ್ಸು ಸೇತುವೆಯ ಮೇಲೆ ಇಂಚಿಂಚೇ ಸಾಗುತ್ತಿತ್ತು.

ಲಂಡನ್ ಬ್ರಿಜ್‌ನಲ್ಲಿ ರೈಲಿಗೆ ಹಲಗೆ ಹಾಕಿಕೊಟ್ಟವನು, "ಗ್ಯಾಟ್ವಿಕ್‌ಗೆ ಫೋನ್ ಮಾಡಿದೀನಿ, ಇಳಿಸಿಕೊಳ್ಳೋಕೆ ಬರ್ತಾರೆ," ಅಂದ. ಗ್ಯಾಟ್ವಿಕ್ ಬಂತು. ಬಾಗಿಲು ತೆರೆಯಿತು. ಪ್ಲಾಟ್‌ಫಾರಮ್ಮಿನಲ್ಲಿ ಹಲಗೆ ಹಿಡಿದವರು ಯಾರೂ ಕಾಣಲಿಲ್ಲ. ರೈಲು ಮುಂದೆ ಹೊರಟರೆ ಕಡಲತೀರದವರೆಗೂ ಒಯ್ದುಬಿಡುತ್ತದೆ. ಫರ್ಗಸ್ ಕೆಳಗಿಳಿದು, ಬಾಗಿಲು ಮುಚ್ಚದಂತೆ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಏಯ್! ಇಲ್ಲೊಬ್ಬಳು ಇಳೀಬೇಕು!" ಎಂದು ಇಶ್ಬೆಲ್ ಕೂಗಿದಳು. ಇಡೀ ಪ್ಲಾಟ್‌ಫಾರಂ ತಿರುಗಿ ನೋಡಿತು. ರೈಲಿನ ಆ ತುದಿಯಲ್ಲಿ ಕಾಯುತ್ತಿದ್ದವನು ಹಲಗೆ ಎತ್ತಿಕೊಂಡು ಓಡಿ ಬಂದ.

ವಿಮಾನದ ಕೌಂಟರಿಗೆ ಅವರು ಬಂದಾಗ ಬ್ಯಾಟರಿ ದೀಪ ಕೆಂಪಾಗಿತ್ತು. ಅಲ್ಲಿದ್ದ ಯುವಕ ಒಳ್ಳೆಯವನೇ. ಪರದೆ ನೋಡಿದ, ಫೋನಿನಲ್ಲಿ ಮಾತಾಡಿದ, ಮೆಲ್ಲಗೆ ಹೇಳಿದ: "ನೀವಿಬ್ಬರೂ ಹತ್ತಬಹುದು ಮೇಡಂ. ಆದ್ರೆ ಕುರ್ಚಿ ಕಟ್ಟಿ ಒಳಗೆ ಹಾಕೋಕೆ ಸಮಯ ಇಲ್ಲ. ಅದನ್ನ ನಾಳೆ ಬೆಳಿಗ್ಗೆ ವಿಮಾನದಲ್ಲಿ ಕಳಿಸ್ತೀವಿ. ನಿಮ್ಮನ್ನ ನಮ್ಮವರು ಸೀಟಿಗೆ ಎತ್ತಿ ಕೂರಿಸ್ತಾರೆ."

ಇಶ್ಬೆಲ್ ಕೆಂಪು ದೀಪದ ಕಡೆ ನೋಡಿದಳು. ಇಷ್ಟು ದೂರ ಬಂದದ್ದು ಇದಕ್ಕೇ. ಹತ್ತಿಬಿಟ್ಟರೆ ಮದುವೆ ಸಿಗುತ್ತದೆ. ಆದರೆ ಆ ದ್ವೀಪದಲ್ಲಿ ಕುರ್ಚಿಯಿಲ್ಲದೆ ಅವಳು ಮೂಟೆ. ಇಟ್ಟಲ್ಲಿ ಕೂರಬೇಕು, ಬಚ್ಚಲಿಗೂ ಯಾರನ್ನಾದರೂ ಕರೆಯಬೇಕು. ಬೆಳಿಗ್ಗೆ ಕುರ್ಚಿ ಬರದಿದ್ದರೆ? ಬಂದು, ಗಾಲಿ ಮುರಿದಿದ್ದರೆ? ಫರ್ಗಸ್ ಈಗ ಗದರುತ್ತಾನೆ, ಹತ್ತು ಅನ್ನುತ್ತಾನೆ ಎಂದು ಅವಳು ಕಾದಳು.

ಅವನು ಅನ್ನಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದ.

"ಕುರ್ಚಿ ಬಿಟ್ಟು ನಾನು ಬರಲ್ಲ," ಅಂದಳು ಇಶ್ಬೆಲ್.

"ಮೇಡಂ, ಇವತ್ತಿಗೆ ಬೇರೆ ವಿಮಾನ ಇಲ್ಲ..."

"ಅವಳು ಹೇಳಿದ್ದು ಕೇಳಿಸ್ತಲ್ಲಪ್ಪ," ಅಂದ ಫರ್ಗಸ್. "ನಾವು ಮೂರೂ ಜನ ನಾಳೆ ಹೋಗ್ತೀವಿ. ಟಿಕೆಟ್ ಬದಲಾಯಿಸು."

ಇಶ್ಬೆಲ್ ನೋರಾಗೆ ಫೋನು ಮಾಡಿದಳು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿ, "ಬೇರೆ ಸಾಕ್ಷಿ ನೋಡ್ಕೊಳೇ," ಅಂದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಆ ಕಡೆಯಿಂದ ಒಂದು ನಗು. "ಅರವತ್ತೆರಡು ವರ್ಷ ಗಂಡನಿಗೆ ಕಾದೋಳು, ಊಟದ ಹೊತ್ತಿನ ತನಕ ಕಾಯಲ್ವೇನೇ? ರಿಜಿಸ್ಟ್ರಾರು ನಮ್ಮ ಬೀದಿಯವ್ನೇ. ಸಿಡುಕ್ತಾನೆ, ಸಿಡುಕ್ಲಿ. ನೀನು ಆ ದರಿದ್ರ ಕುರ್ಚಿ ಸಮೇತ ಬಾ."

ಮರುದಿನ ಮಧ್ಯಾಹ್ನ ಮದುವೆಯಾಯಿತು. ರಿಜಿಸ್ಟ್ರಾರು ನಿಜವಾಗಿಯೂ ಸಿಡುಕಿದ. ದೋಣಿ ರಿಪೇರಿ ಮಾಡುವ ಮದುಮಗ ಹಸಿವು ತಾಳದೆ ಮುಂಚೆಯೇ ಏಡಿ ಸ್ಯಾಂಡ್‌ವಿಚ್ ತಿಂದು ಟೈಗೆ ಬೀಳಿಸಿಕೊಂಡಿದ್ದ. ಇಶ್ಬೆಲ್ ಮೇಜಿನ ಬಳಿಗೆ ತಾನೇ ಕುರ್ಚಿ ಓಡಿಸಿಕೊಂಡು ಹೋಗಿ, ಸೊಟ್ಟ ಅಕ್ಷರಗಳಲ್ಲಿ ರುಜು ಹಾಕಿದಳು. ಲೇಖನಿ ಕೆಳಗಿಡುವ ಮೊದಲೇ ನೋರಾ ಅವಳ ಕತ್ತು ತಬ್ಬಿಕೊಂಡು ಬಿಡಲೊಲ್ಲಳು.

ಅಬರ್ಡೀನ್‌ಗೆ ಮರಳಿದ ಮೇಲೆ ಫರ್ಗಸ್ ಈ ಕಥೆಯನ್ನು ಮಾರುಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಅವನ ಕಥೆಯಲ್ಲಿ ಬಸ್ಸಿನ ಮಗು ದಿನೇ ದಿನೇ ದಪ್ಪವಾಗುತ್ತ ಹೋಯಿತು. ಲಿಫ್ಟಿನ ಮುಂದೆ ಅಕ್ಕನನ್ನು ಎತ್ತಲು ತಾನು ಅಂಗಿಯ ತೋಳು ಮಡಚಿದ್ದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಇಶ್ಬೆಲ್ ಪಕ್ಕದಲ್ಲಿದ್ದರೂ ತಿದ್ದಲಿಲ್ಲ.